ಮಳೆ ಬಿದ್ದ ಮೇಲಿನ ಹದಿನೈದು ದಿನ

2016ರ ಬೇಸಿಗೆಗೆ ನನ್ನ ಹತ್ತಿರ 19 ಆಡು ಇದ್ದವು. ಮಳೆ ಹಿಡಿಯುವ ಹೊತ್ತಿಗೆ 12 ಉಳಿದವು. ನಡುವೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮ ಹೊಲ ಸೈದಾಪುರದ ಹೊರಗೆ, ಮಳೆ ನಂಬಿದ ಭೂಮಿ. 2014ರಲ್ಲಿ ಮಳೆ ಕಡಿಮೆ, 2015ರಲ್ಲಿ ಇನ್ನೂ ಕಡಿಮೆ. ತೊಗರಿ ಹೂವಿನಲ್ಲೇ ಒಣಗಿತು. ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ನಿಂತಿತು, ತೆನೆ ಕಟ್ಟಲಿಲ್ಲ. ಅದನ್ನೇ ಕೊಯ್ದು ಬಣವಿ ಒಟ್ಟಿದೆವು. ಶಿವರಾತ್ರಿಗೆ ಕಣಕಿ ತೀರಿತು. ಮನೆಯವರು ರೈಲು ಹತ್ತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಮನೆಯಲ್ಲಿ ಅತ್ತೆ, ಮಗಳು, ನಾನು ಉಳಿದೆವು.

ನೆಲದ ಮೇಲೆ ಹುಲ್ಲಿರಲಿಲ್ಲ. ಒಡ್ಡಿನ ಮೇಲಿನ ಗಿಡಗಳೇ ಉಳಿದಿದ್ದವು: ಎರಡು ಬೇವು, ಮೂರು ಬನ್ನಿ, ಒಂದು ಹುಣಸೆ, ಹಳ್ಳದ ದಂಡೆಗೆ ಕರಿಜಾಲಿ. ಒಂದು ಆಡಿಗೆ ದಿನಕ್ಕೆ ಮೂರು ನಾಲ್ಕು ಕಿಲೋ ಹಸಿ ತಪ್ಪಲು ಬೇಕು. 19ಕ್ಕೆ ಅರವತ್ತು ಕಿಲೋ. ಅಷ್ಟು ಯಾವತ್ತೂ ಹಾಕಲಾಗಲಿಲ್ಲ. ಅರ್ಧ ಹಾಕಿದ ದಿನ ಒಳ್ಳೆಯ ದಿನ.

ಬೆಳಗಿನ ಜಾವ ಗಿಡ ಹತ್ತುತ್ತಿದ್ದೆ. ಹತ್ತು ಗಂಟೆಯ ಮೇಲೆ ಆಗುತ್ತಿರಲಿಲ್ಲ. ಕಲಬುರಗಿ ಕಡೆ ಬಿಸಿಲು 43 ಡಿಗ್ರಿ ದಾಟಿತ್ತು. ಅತ್ತೆ ಕೆಳಗೆ ನಿಂತು ಹೇಳುತ್ತಿದ್ದರು: "ನೆತ್ತಿ ಮುಟ್ಟಬ್ಯಾಡವ್ವ. ಟೊಂಗಿ ಬುಡಕ್ಕ ಕಡೀಬ್ಯಾಡ." ನೆತ್ತಿ ಉಳಿದರೆ ಗಿಡ ಮತ್ತೆ ಚಿಗುರುತ್ತದೆ. ಬನ್ನಿಗೆ ಕುಡುಗೋಲು ಹಾಕುವ ಮೊದಲು ಕೈ ಮುಗಿದೆ. ದಸರೆಯಲ್ಲಿ ಬಂಗಾರವೆಂದು ಹಂಚುವ ಎಲೆ ಅದು. ಬೇರು ಆಳಕ್ಕೆ ಇಳಿದ ಗಿಡ. ಉಳಿದದ್ದೆಲ್ಲ ಒಣಗಿದಾಗ ಅದು ಚಿಗುರಿತ್ತು.

ಏಪ್ರಿಲ್ ನಡುವೆ ಬೇವಿನ ಟೊಂಗೆ ಮುರಿದು ಬಿದ್ದೆ. ಎಡಗೈ ಮಣಿಕಟ್ಟು ಮುರಿಯಿತು. ಬಿದ್ದಾಗ ನೋವಿಗಿಂತ ಮೊದಲು ನಾಳೆಯ ಮೇವಿನ ಚಿಂತೆ ಬಂತು. ಆರು ವಾರ ಪಟ್ಟಿ. ಮಗಳಿಗೆ ಶಾಲೆ ಸೂಟಿ ಇತ್ತು, ಎಂಟನೇ ಇಯತ್ತೆ ಮುಗಿಸಿದ್ದಳು. ಅವಳು ಗಿಡ ಹತ್ತಿದಳು. ಕೆಳಗೆ ನಿಂತು ನೋಡುವುದು ನನಗೆ ಬಿದ್ದದ್ದಕ್ಕಿಂತ ಕಷ್ಟವಾಯಿತು.

ಅತ್ತೆ ಕರಿಜಾಲಿ ಕಾಯಿ ಆರಿಸಿ ತಂದು ಕುಟ್ಟಿ ಹಾಕುತ್ತಿದ್ದರು. ಬಳ್ಳಾರಿ ಜಾಲಿಯ ಎಲೆ ಆಡು ಮುಟ್ಟುವುದಿಲ್ಲ, ಹಣ್ಣಾದ ಕಾಯಿ ಸಿಹಿ, ಅದನ್ನು ತಿನ್ನುತ್ತವೆ. ಅದೂ ಹಿಡಿಯಷ್ಟೇ. ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಪಕ್ಕದ ಹೊಲದವರು ಕೇಳದೆಯೇ ಎರಡು ಚೀಲ ತೊಗರಿ ಹೊಟ್ಟು ಕೊಟ್ಟರು. ಆಡುಗಳ ಪಕ್ಕೆಲುಬು ಎಣಿಸುವಂತಾಯಿತು. ಆದರೆ ಮೇ ತಿಂಗಳ ಕೊನೆಯವರೆಗೆ ಒಂದೂ ಸಾಯಲಿಲ್ಲ.

ಜೂನ್ ಮೊದಲ ವಾರ ಮಳೆ ಬಿತ್ತು. ಐದಾರು ದಿನದಲ್ಲಿ ಜೋಳದ ಕೂಳೆ ಚಿಗುರಿ ಹೊಲ ಹಸಿರಾಯಿತು. ನನ್ನ ಪಟ್ಟಿ ಬಿಚ್ಚಿ ಸ್ವಲ್ಪ ದಿನವಾಗಿತ್ತು, ಕೈಯಲ್ಲಿ ಹಿಡಿತ ಬಂದಿರಲಿಲ್ಲ. ಒಂದು ಬನ್ನಿ ಇನ್ನೂ ಕಡಿಯದೆ ಉಳಿದಿತ್ತು. "ಇನ್ನೊಂದ್ ವಾರ ತಪ್ಪಲಾನೇ ಹಾಕು" ಎಂದರು ಅತ್ತೆ. ನಾನು ದಣಿದಿದ್ದೆ. ಮಗಳನ್ನು ಮತ್ತೆ ಗಿಡ ಹತ್ತಿಸುವ ಮನಸ್ಸಿರಲಿಲ್ಲ. ಆಡುಗಳನ್ನು ಕೂಳೆಗೆ ಬಿಟ್ಟೆ.

ಕಾಲು ಗಂಟೆಯಲ್ಲಿ ಒಂದು ಹೋತ ತಟ್ಟಾಡಿ ಬಿತ್ತು. ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಆಮೇಲೆ ಗಬ್ಬದ ಆಡು ಬಿತ್ತು. ಉಳಿದವನ್ನು ಹೊರಗೆ ಹೊಡೆಯುವಷ್ಟರಲ್ಲಿ ಐದು ನೆಲದಲ್ಲಿದ್ದವು. ಪಶುವೈದ್ಯರು ಮೋಟರ್ ಸೈಕಲ್ ಮೇಲೆ ಬಂದರು. ಬರುವ ಹೊತ್ತಿಗೆ ಏಳು ಸತ್ತಿದ್ದವು. ತಡಬಡಿಸುತ್ತಿದ್ದ ನಾಲ್ಕಕ್ಕೆ ನರಕ್ಕೆ ಇಂಜೆಕ್ಷನ್ ಕೊಟ್ಟರು. ನಾಲ್ಕೂ ಉಳಿದವು.

ಅವರು ನನ್ನನ್ನು ಬೈಯಲಿಲ್ಲ. ಬರದಲ್ಲಿ ಬಾಡಿದ ಜೋಳದ ಎಳೆ ಚಿಗುರಿನಲ್ಲಿ ಸೈನೈಡ್ ವಿಷ ಹುಟ್ಟುತ್ತದೆ, ಖಾಲಿ ಹೊಟ್ಟೆಗೆ ಬೇಗ ಏರುತ್ತದೆ ಎಂದು ತಿಳಿಸಿದರು. ಸತ್ತ ಆಡಿನ ಕಣ್ಣುರೆಪ್ಪೆ ಎಳೆದು ತೋರಿಸಿದರು. ಒಳಗೆ ಕೆಂಪಗಿತ್ತು.

ಏಳನ್ನೂ ಹಳ್ಳದ ಹತ್ತಿರ ಆಳ ಗುಂಡಿ ತೋಡಿ ಹುಗಿದೆವು. ಮಾಂಸ ಯಾರಿಗೂ ಕೊಡಲಿಲ್ಲ. ಅತ್ತೆ ಆ ದಿನ ಏನೂ ಅನ್ನಲಿಲ್ಲ. ಮರುದಿನ ಮಗಳೇ ಕುಡುಗೋಲು ತೆಗೆದುಕೊಂಡು ಹೊರಟಳು. ಉಳಿದಿದ್ದ ಬನ್ನಿಯ ತಪ್ಪಲು ತಂದು ಹಾಕಿದಳು. ಹನ್ನೆರಡೂ ತಿಂದವು.

ಬೇಸಿಗೆ ದಾಟಿಸಲಷ್ಟೇ ಗಿಡ ಬೇಕೆಂದು ತಿಳಿದಿದ್ದೆ. ಈಗ ಪ್ರತಿ ವರ್ಷ ಒಂದು ಬನ್ನಿಯನ್ನು ಬೇಸಿಗೆಯಿಡೀ ಮುಟ್ಟುವುದಿಲ್ಲ. ಆಡುಗಳು ಎಷ್ಟು ಕೂಗಿದರೂ ಮುಟ್ಟುವುದಿಲ್ಲ. ಅದರ ತಪ್ಪಲು ಮಳೆ ಬಿದ್ದ ಮೇಲಿನ ಹದಿನೈದು ದಿನಕ್ಕೆ.