ಎದೆಯೆಂಬ ಒಂದೇ ಮಾತು

ಕನ್ನಡದಲ್ಲಿ ‘ಎದೆ’ ಎನ್ನುವುದು ಬಹಳ ದೊಡ್ಡ ಮಾತು. ಮಗುವಿಗೆ ಕೊಡುವುದು ಎದೆಹಾಲು. ಹೆದರಿಕೆಯಾದರೆ ಎದೆ ಡವಗುಟ್ಟುತ್ತದೆ, ದುಃಖವಾದರೆ ಎದೆ ಒಡೆಯುತ್ತದೆ, ಧೈರ್ಯವಿದ್ದವರನ್ನು ಎದೆಗಾರರು ಎನ್ನುತ್ತೇವೆ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಸುಮಾರು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಈ ನುಡಿಗಟ್ಟುಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಎಷ್ಟು ಮಕ್ಕಳಿಗೆ ಪ್ರಶ್ನೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೆ ಹಾಲು ಕೊಡುವ ಎದೆಗೂ ಒಳಗೆ ಬಡಿದುಕೊಳ್ಳುವ ಎದೆಗೂ ನಂಟಿದೆ ಎಂದು ನನಗೆ ತಿಳಿದದ್ದು 2021ರಲ್ಲಿ, ಹರಿಹರದ ನನ್ನ ಅಕ್ಕನಿಂದ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. 2010ರಲ್ಲಿ ಸ್ನಾನ ಮಾಡುವಾಗ ಎಡಗಡೆಯ ಸ್ತನದಲ್ಲಿ ಹುಣಸೆಬೀಜದಷ್ಟು ಗಂಟು ಅವಳ ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲ ಅಂದಮೇಲೆ ಏನಿರುತ್ತದೆ ಎಂದು ನಾಲ್ಕು ತಿಂಗಳು ಸುಮ್ಮನಿದ್ದಳು. ಈ ಕಾಯಿಲೆಯ ಗಂಟು ಮೊದಮೊದಲು ನೋಯುವುದೇ ಅಪರೂಪ ಎಂದು ನಮಗೆ ಹೇಳುವವರಿರಲಿಲ್ಲ. ಆಮೇಲೆ ಬೆಂಗಳೂರಿಗೆ ಓಡಾಟ. ಆಪರೇಶನ್ ಆಯಿತು, ಕೆಂಪು ಬಣ್ಣದ ಔಷಧವನ್ನು ಡ್ರಿಪ್ಪಿನಲ್ಲಿ ಕೊಟ್ಟರು, ಕೂದಲು ಉದುರಿತು, ಕೊನೆಗೆ ಎದೆಯ ಎಡಭಾಗಕ್ಕೆ ಕಿರಣ ಹಾಯಿಸಿದರು. ಎಲ್ಲವನ್ನೂ ಅಕ್ಕ ತಡೆದುಕೊಂಡಳು.

ಬೀದಿಯವರಿಗೆ ನಾವು ಹೇಳಿದ್ದು ‘ಗರ್ಭಕೋಶದ ಆಪರೇಶನ್’ ಎಂದು. ಮಗಳಿಗೆ ಗಂಡು ನೋಡುವ ಕಾಲವದು. ತಾಯಿಗೆ ಈ ಕಾಯಿಲೆ ಎಂದರೆ ಬಂದ ಸಂಬಂಧ ಹಿಂದಕ್ಕೆ ಹೋದೀತೆಂಬ ಭಯ. 2012ರಲ್ಲಿ ಮದುವೆಯಾಯಿತು. ಬೀಗರಿಗೆ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಐದು ವರ್ಷ ತುಂಬಿ, ಕಾಯಿಲೆ ತಿರುಗಿ ಬಂದಿಲ್ಲವೆಂದು ಡಾಕ್ಟರು ಹೇಳಿದ ದಿನ ಹರಿಹರೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದೆವು. ಆಸ್ಪತ್ರೆಯ ಫೈಲು ರೇಷ್ಮೆ ಸೀರೆಗಳ ಕೆಳಗೆ ಟ್ರಂಕಿನ ತಳ ಸೇರಿತು.

ಆಮೇಲೆ ಶುರುವಾಯಿತು ನಮ್ಮ ಆರೈಕೆ. “ನೀನು ಏಳಬ್ಯಾಡ ಅಕ್ಕ, ಕೂತ್ಕೋ” ಎನ್ನುವುದೇ ಎಲ್ಲರ ಪ್ರೀತಿಯ ಮಾತು. ಬಿಂದಿಗೆ ಎತ್ತುವಂತಿಲ್ಲ, ಕಸ ಹೊಡೆಯುವಂತಿಲ್ಲ. ಭಾನುವಾರ ನಾನು ದಾವಣಗೆರೆಯಿಂದ ಹೊರಟರೆ ಕೈಯಲ್ಲಿ ಬೆಣ್ಣೆದೋಸೆಯ ಪಾರ್ಸಲ್ಲು ಇರಲೇಬೇಕು. ಸಾವಿನ ಬಾಯಿಂದ ಬಂದವಳು, ತಿನ್ನಲಿ ಎಂದು ನಮ್ಮ ಲೆಕ್ಕ. ಅಕ್ಕನ ತೂಕ ಏರಿತು. ಬಿ.ಪಿ. ನೋಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಕಣ್ಣೆಲ್ಲ ಒಂದೇ ಕಾಯಿಲೆಯ ಮೇಲಿತ್ತು.

2021ರ ಕೊನೆಯಲ್ಲಿ ಮಹಡಿಗೆ ಮೆಣಸಿನಕಾಯಿ ಒಣಹಾಕಲು ಹೋದ ಅಕ್ಕ ನಡುಮೆಟ್ಟಿಲಲ್ಲೇ ಕೂತುಬಿಟ್ಟಳು. ಕರೋನಾದ ಎರಡನೇ ಅಲೆ ಇಳಿದ ದಿನಗಳವು. ಪರೀಕ್ಷೆ ಮಾಡಿಸಿದರೆ ಅದಲ್ಲ ಎಂದು ಬಂತು. “ಗ್ಯಾಸು ಇರಬೇಕು” ಎಂದು ಭಾವ ಸೋಡಾ ತಂದುಕೊಟ್ಟರು. ನಾನು ಜೀರಿಗೆ ಕಷಾಯ ಮಾಡಿದೆ. ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗುತ್ತಾಳೆ, ಸಂಜೆಗೆ ಪಾದ ಊದಿ ಚಪ್ಪಲಿಯ ಪಟ್ಟಿಯ ಗುರುತು ಮೂಡುತ್ತದೆ ಎನ್ನುವುದನ್ನು ನಾನು ನೋಡಿದ್ದೆ. “ಏನೂ ಆಗಿಲ್ಲ ಬಿಡೇ, ವಯಸ್ಸಾತು” ಎನ್ನುತ್ತಿದ್ದಳು. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಹಳೆಯದು ತಿರುಗಿ ಬಂದು ಶ್ವಾಸಕೋಶಕ್ಕೆ ಇಳಿದಿದೆ ಎಂದು ತಾನೇ ತೀರ್ಮಾನಿಸಿಕೊಂಡು ಮೂರು ವಾರ ಬಾಯಿ ಬಿಡದೆ ಕೂತಿದ್ದಳು.

ಕೊನೆಗೆ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. “ಹಿಂದೆ ಏನಾದರೂ ದೊಡ್ಡ ಕಾಯಿಲೆ, ಆಪರೇಶನ್ ಆಗಿತ್ತಾ ಅಮ್ಮಾ?” ಎಂದು ಅವರು ಸರಿಯಾಗಿಯೇ ಕೇಳಿದರು. ಪರದೆಯ ಆಚೆ ಹರಿಹರದವರೇ ಇಬ್ಬರು ಕೂತಿದ್ದರು. ಅಕ್ಕ ನನ್ನ ಮುಖ ನೋಡಿ “ಗರ್ಭಕೋಶದ್ದು ಆಗಿತ್ತು” ಎಂದಳು. ನಾನು ಸುಮ್ಮನಿದ್ದೆ. ಕ್ಲಾಸಿನಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಆ ಹೊತ್ತು ನನ್ನನ್ನು ನಿಲ್ಲಿಸುವವರು ಯಾರೂ ಇರಲಿಲ್ಲ. ಉಬ್ಬಸದ ಔಷಧ ಬರೆಸಿಕೊಂಡು ಬಂದೆವು. ವಾರದೊಳಗೆ ಅಕ್ಕನಿಗೆ ಮಲಗುವುದೂ ಆಗಲಿಲ್ಲ, ಕೂತೇ ರಾತ್ರಿ ಕಳೆದಳು.

ಎರಡನೆಯ ಸಲ ಹೋದದ್ದು ದಾವಣಗೆರೆಯಲ್ಲಿ ಒಬ್ಬ ಹೃದಯದ ಡಾಕ್ಟರಮ್ಮನ ಬಳಿ. ಅವರು ಕೇಳುವ ಮೊದಲೇ ನಾನು ಎಲ್ಲ ಹೇಳಿದೆ. ಅಕ್ಕ ನನ್ನ ಸೆರಗು ಎಳೆದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, “ಫೈಲು ಎಲ್ಲಿದೆ?” ಎಂದರು. ಭಾವ ಹರಿಹರಕ್ಕೆ ಹೋಗಿ ಟ್ರಂಕು ತೆಗೆದು ಎರಡು ಗಂಟೆಯೊಳಗೆ ತಂದರು. ಅಷ್ಟರಲ್ಲಿ ಎಕೋ ಪರೀಕ್ಷೆ ಮುಗಿದಿತ್ತು. ಹೃದಯ ಒಂದೊಂದು ಬಡಿತಕ್ಕೂ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ 55 ಪಾಲಿಗಿಂತ ಹೆಚ್ಚು ಹೊರಗೆ ತಳ್ಳಬೇಕಂತೆ. ಅಕ್ಕನದು 35ಕ್ಕೆ ಇಳಿದಿತ್ತು. ಕ್ಯಾನ್ಸರ್ ತಿರುಗಿ ಬಂದಿರಲಿಲ್ಲ. ಹೃದಯ ಸೋತಿತ್ತು.

ಡಾಕ್ಟರಮ್ಮ ಫೈಲಿನ ಒಂದೊಂದು ಹಾಳೆ ತಿರುವಿ ವಿವರಿಸಿದರು. ಆ ಕೆಂಪು ಔಷಧದ ಹೆಸರು ಡಾಕ್ಸೋರುಬಿಸಿನ್. ಗಂಟನ್ನು ಕೊಲ್ಲುವುದರಲ್ಲಿ ಗಟ್ಟಿಗ, ಆದರೆ ಕೆಲವರಲ್ಲಿ ಹೃದಯದ ಸ್ನಾಯುವನ್ನೂ ಬಳಲಿಸುತ್ತದೆ. ಅದಕ್ಕೇ ಒಬ್ಬರಿಗೆ ಜನ್ಮದಲ್ಲಿ ಒಟ್ಟು ಎಷ್ಟು ಕೊಡಬಹುದೆಂಬ ಲೆಕ್ಕವಿಟ್ಟಿರುತ್ತಾರೆ. ತೊಂದರೆ ವರ್ಷಗಟ್ಟಲೆ ಆದಮೇಲೂ ಕಾಣಿಸಬಹುದು. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್ನಿನಿಂದಲೂ ಹೃದಯದ ಬಲ ಕುಗ್ಗುವುದುಂಟು, ಅದು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಅದನ್ನು ಕೊಡುವಾಗ ಮೂರು ಮೂರು ತಿಂಗಳಿಗೆ ಎಕೋ ಮಾಡಿಸುತ್ತಾರೆ. ಇನ್ನು ಕಿರಣ. ಎಡ ಸ್ತನದ ಹಿಂದೆಯೇ ಹೃದಯ. ಸ್ವೀಡನ್, ಡೆನ್ಮಾರ್ಕಿನ ಹೆಂಗಸರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೃದಯಕ್ಕೆ ತಗುಲಿದ ಕಿರಣ ಹೆಚ್ಚಿದಷ್ಟೂ ಮುಂದೆ ಹೃದ್ರೋಗದ ಸಂಭವವೂ ಹೆಚ್ಚುವುದೆಂದು, ಅದು ಐದು ವರ್ಷದೊಳಗೇ ತೊಡಗಿ ಇಪ್ಪತ್ತು ವರ್ಷದವರೆಗೂ ಇರುವುದೆಂದು ತೋರಿಸಿತು. ಈಗ ಹಲವೆಡೆ ದೀರ್ಘವಾಗಿ ಉಸಿರೆಳೆದು ಹಿಡಿದುಕೊಳ್ಳಲು ಹೇಳಿ, ಹೃದಯ ಸ್ವಲ್ಪ ದೂರ ಸರಿದಾಗ ಕಿರಣ ಹಾಯಿಸುತ್ತಾರೆ.

“ಹಂಗಾದ್ರೆ ಆ ಔಷಧ ತಗೋಬಾರದಿತ್ತಾ?” ಎಂದು ಅಕ್ಕ ಕೇಳಿದಳು. “ತಗೊಂಡಿದ್ದಕ್ಕೇ ನೀವು ಈವತ್ತು ನನ್ನ ಮುಂದೆ ಕೂತಿದ್ದೀರಿ ಅಮ್ಮಾ. ತಪ್ಪು ಔಷಧದ್ದಲ್ಲ, ಆಮೇಲೆ ಹೃದಯವನ್ನು ಯಾರೂ ವಿಚಾರಿಸದೇ ಇದ್ದದ್ದು” ಎಂದರು ಡಾಕ್ಟರಮ್ಮ. ಈ ಮಾತನ್ನು ಓದುವವರು ಮರೆಯಬಾರದು. ಹೃದಯದ ಹೆದರಿಕೆಗೆ ಕ್ಯಾನ್ಸರ್ ಚಿಕಿತ್ಸೆ ಬಿಡುವುದೆಂದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಆಮೇಲೆ ನಾನೂ ಕೇಳಿ, ಓದಿ ತಿಳಿದುಕೊಂಡೆ. ಈ ಎರಡು ರೋಗಗಳಿಗೆ ಕೆಲವು ಬೇರುಗಳು ಒಂದೇ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2018ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿದೆ: ಮುಟ್ಟು ನಿಂತ ಮೇಲೆ ಏರುವ ತೂಕ, ಕೂತಲ್ಲೇ ಕೂರುವ ಬದುಕು, ತಂಬಾಕು, ಮದ್ಯ. ಸ್ತನ ಕ್ಯಾನ್ಸರಿನಿಂದ ಪಾರಾದ ವಯಸ್ಸಾದ ಹೆಂಗಸರಲ್ಲಿ ಪ್ರಾಣಕ್ಕೆ ಎರವಾಗುವುದು ಎಷ್ಟೋ ಸಲ ಹಳೆಯ ಕ್ಯಾನ್ಸರಲ್ಲ, ಹೃದಯ ಎಂದೂ ಅದೇ ಹೇಳುತ್ತದೆ. ನಾವು ಬೆಣ್ಣೆದೋಸೆ ತಿನ್ನಿಸಿ, ಕೂರಿಸಿ ಮಾಡಿದ ಆರೈಕೆ ಎಂಥದೆಂದು ಆಗ ಅರ್ಥವಾಯಿತು.

ಬೆಂಗಳೂರಿನಲ್ಲಿ ಕ್ಯಾನ್ಸರಿಗೆ 1973ರಿಂದ ಕಿದ್ವಾಯಿ ಇದೆ, ಹೃದಯಕ್ಕೆ ಜಯದೇವ ಇದೆ. ನಮ್ಮ ಕಡೆಯಿಂದ ರೈಲು ಹತ್ತಿ ಇವೆರಡಕ್ಕೂ ಹೋಗುವವರಿದ್ದಾರೆ. ಒಂದೊಂದು ರೋಗಕ್ಕೆ ಒಬ್ಬೊಬ್ಬ ತಜ್ಞರು ಇರಲೇಬೇಕು. ಆದರೆ ಅವರ ಚೀಟಿ ಇವರಿಗೆ, ಇವರ ಚೀಟಿ ಅವರಿಗೆ ತಲುಪಿಸುವ ಕೆಲಸ ನಮ್ಮದೇ. ಅದಕ್ಕೆ ಬೇಕಾದದ್ದು ಬಾಯಿ. ನಾನು ಬಿ.ಎಡ್. ಓದುವಾಗ, 1991ರಲ್ಲಿ, ಡಾ. ಅನುಪಮಾ ನಿರಂಜನ ಕ್ಯಾನ್ಸರಿನಿಂದ ತೀರಿಕೊಂಡರು. ಹೆಣ್ಣಿನ ದೇಹದ ಬಗ್ಗೆ ಸಂಕೋಚವಿಲ್ಲದೆ ಕನ್ನಡದಲ್ಲಿ ಬರೆದ ಆ ತಾಯಿಯ ಪುಸ್ತಕ ನಮ್ಮ ಕಪಾಟಿನಲ್ಲಿತ್ತು. ಓದಿದ್ದೆವು. ಹೇಳಲು ಮಾತ್ರ ಕಲಿತಿರಲಿಲ್ಲ.

ಆ ದಿನ ಹೊರಡುವಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿ, “ಟೀಚರ್, ಅಕ್ಕನಿಗೆ ಇದೆ ಅಂದಮೇಲೆ ನೀವು ನೋಡಿಸಿಕೊಂಡಿದ್ದೀರಾ?” ಎಂದರು. ನನಗೆ ಆಗ 52 ವರ್ಷ. ಎಂದೂ ನೋಡಿಸಿರಲಿಲ್ಲ. ಮ್ಯಾಮೊಗ್ರಾಮ್ ಆಯಿತು, ದೇವರ ದಯೆ, ಏನೂ ಇರಲಿಲ್ಲ. ಆದರೆ ಬಿ.ಪಿ. 160ಕ್ಕೆ 100 ಇತ್ತು. ತಲೆನೋವಿಗೆ ಪೇಪರ್ ತಿದ್ದುವುದೇ ಕಾರಣವೆಂದುಕೊಂಡಿದ್ದೆ. ಹೆಂಗಸರಿಗೆ ಹೃದಯದ ತೊಂದರೆ ಯಾವಾಗಲೂ ಸಿನಿಮಾದಲ್ಲಿಯ ಹಾಗೆ ಎದೆ ಹಿಡಿದುಕೊಂಡು ಬೀಳುವಂತೆ ಬರುವುದಿಲ್ಲ. ವಿಪರೀತ ಆಯಾಸ, ಏದುಸಿರು, ದವಡೆ ಅಥವಾ ಬೆನ್ನಿನ ನೋವು, ವಾಕರಿಕೆ, ಹೀಗೆ ಬರಬಹುದು. ನಾವು ಅದಕ್ಕೆ ಗ್ಯಾಸು ಎಂದು ಹೆಸರಿಟ್ಟು ಅಡಿಗೆಮನೆಗೆ ಹೋಗುತ್ತೇವೆ.

ಅಕ್ಕ ಈಗ ಮಾತ್ರೆಗಳ ಮೇಲಿದ್ದಾಳೆ. ಒಂದು ವರ್ಷದಲ್ಲಿ 35 ಇದ್ದದ್ದು 45ಕ್ಕೆ ಏರಿತು. ಪೂರ್ತಿ ಮೊದಲಿನಂತಾಗುವುದಿಲ್ಲ ಎಂದಿದ್ದಾರೆ. ಉಪ್ಪು ಕಡಿಮೆ. ಡಾಕ್ಟರು ಹೇಳಿದಷ್ಟು ಹೊತ್ತು ಬೆಳಿಗ್ಗೆ ತುಂಗಭದ್ರೆಯ ಕಡೆಗೆ ನಿಧಾನವಾಗಿ ನಡೆದು ಬರುತ್ತಾಳೆ. ಭಾನುವಾರ ನಾನೂ ಜೊತೆಗಿರುತ್ತೇನೆ, ಪಾರ್ಸಲ್ಲಿಲ್ಲದೆ. ಒಂದು ದಿನ ಗುಡಿಯ ಮುಂದೆ ನಿಂತು ಅವಳೇ ಅಂದಳು: “ಅರ್ಧ ಹರ, ಅರ್ಧ ಹರಿ, ಮೈ ಒಂದೇ. ಇದೇ ಊರಾಗಿದ್ದು ನಮಗೆ ತಿಳೀಲಿಲ್ಲ ನೋಡೇ.”

ಫೈಲು ಈಗ ಟ್ರಂಕಿನಲ್ಲಿಲ್ಲ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತಾಡುತ್ತದೆ. ಯಾವ ವರ್ಷ, ಯಾವ ಕಡೆ, ಯಾವ ಔಷಧ ಎಷ್ಟು ಸಲ, ಕಿರಣ ಎಷ್ಟು ದಿನ, ಕೊನೆಯ ಎಕೋ ಎಂದು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ದುಂಡಗೆ ಬರೆದು ಅಕ್ಕನ ಪರ್ಸಿನಲ್ಲಿಟ್ಟಿದ್ದೇನೆ.

ಬೀಗರಿಗೂ ಅಕ್ಕನೇ ಹೇಳಿದಳು. ಮಗಳ ಅತ್ತೆ ಬಂದಿದ್ದಾಗ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಹತ್ತು ವರ್ಷದ ಗುಟ್ಟನ್ನು ಬಿಚ್ಚಿದಳು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಆ ಹೆಂಗಸು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲ ಕಡೆ ನೋಡಿ, ಮೆಲ್ಲಗೆ ಅಂದರು: “ನನಗೂ ಒಂದು ಗಂಟು ಐತೆ ಕಣ್ರೀ. ಆರು ತಿಂಗಳಾತು. ಯಾರಿಗೂ ಹೇಳಿಲ್ಲ.”

ಮರುದಿನವೇ ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಅದು ಕೆಟ್ಟ ಗಂಟಾಗಿರಲಿಲ್ಲ.