ಪಾವಗಡದ ನಗು

ಪಾವಗಡದ ಕಡೆಯವರನ್ನು ಗುರುತಿಸಲು ಮಾತಿನ ಧಾಟಿಯೇ ಬೇಕೆಂದಿಲ್ಲ. ಅನೇಕರನ್ನು ಒಮ್ಮೆ ನಗಿಸಿದರೆ ಸಾಕು. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ಆ ಬರದ ಸೀಮೆಯಲ್ಲಿ, ಕಲ್ಲಿನೊಳಗಿನ ಫ್ಲೋರೈಡು ಅಂತರ್ಜಲಕ್ಕಿಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆಯ ಮಕ್ಕಳು ಕುಡಿಯುತ್ತಾ ಬಂದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮೆಲ್ಲಿಗೇ ಕಂದುಬಣ್ಣದ ಕಲೆಯ ಹಣೆಬರಹ ಬಿದ್ದುಬಿಡುತ್ತದೆ.

ನಮ್ಮ ಸೋದರತ್ತೆ ಬೆಳೆದದ್ದು ಆ ನೀರಿನಲ್ಲಿಯೇ. ನಗು ಬಂದಾಗಲೆಲ್ಲ ಅವರ ಸೆರಗು ಬಾಯಿಗೆ ಹೋಗುತ್ತಿತ್ತು. ನೋಡಿದವರು ಅದನ್ನು ಹೆಣ್ಣಿನ ಸಹಜ ಲಜ್ಜೆಯೆಂದು ಮೆಚ್ಚುತ್ತಿದ್ದರು. ಮೂರು ವರಗಳು ಬಂದು ಹಿಂದಿರುಗಿದ ಮೇಲೆ ಕಲಿತ ಅಭ್ಯಾಸ ಅದೆಂಬುದು ಮನೆಯವರಿಗಷ್ಟೇ ಗೊತ್ತು. ಅಂದಿನಿಂದ ಇದ್ದಿಲು ಪುಡಿ, ಉಪ್ಪು, ಗಡುಸಾದ ಬ್ರಷ್ಷು ಇವುಗಳಿಂದ ದಿನಕ್ಕೆರಡು ಬಾರಿ ಹಲ್ಲುಗಳಿಗೆ ಶಿಕ್ಷೆ!

ಕಳೆದ ವರ್ಷ ತಣ್ಣೀರು ತಾಕಿದರೆ ಹಲ್ಲು ಜುಮ್ಮೆನ್ನತೊಡಗಿ, ಬೆಂಗಳೂರಿನ ದಂತವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು. ಒಸಡಿನ ಅಂಚಿನಲ್ಲಿ, ಕೊಡಲಿಯಿಂದ ಮರಕ್ಕೆ ಕಚ್ಚು ಹಾಕಿದಂತೆ, ಹಲ್ಲುಗಳ ಕುತ್ತಿಗೆ ಸವೆದಿತ್ತು.

“ಅಮ್ಮ, ರಾತ್ರಿ ಹಲ್ಲು ಕಡಿಯುತ್ತೀರಾ?” ಎಂದರು ವೈದ್ಯರು.

“ಮದುವೆಯಾದಂದಿನಿಂದ ಕೇಳುತ್ತಿದ್ದೇನೆ,” ಎಂದರು ಪಕ್ಕದಲ್ಲಿದ್ದ ಮಾವ.

ವೈದ್ಯರು ಸಾವಧಾನವಾಗಿ ವಿವರಿಸಿದರು. ಹಲ್ಲು ಕಡಿಯುವಾಗಿನ ಒತ್ತಡಕ್ಕೆ ಹಲ್ಲು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎನಾಮೆಲ್ ಅತಿ ತೆಳುವಾಗಿರುವುದು ಕುತ್ತಿಗೆಯಲ್ಲಿ. ಬಿರುಕು ಅಲ್ಲಿಯೇ ಹುಟ್ಟುತ್ತದೆ. ಗ್ರಿಪ್ಪೋ ಎಂಬ ಅಮೆರಿಕದ ದಂತತಜ್ಞರು 1991ರಲ್ಲಿ ಇದನ್ನು ‘ಅಬ್‌ಫ್ರಾಕ್ಷನ್’ ಎಂದು ಕರೆದರು. ಒತ್ತಡವೊಂದೇ ಕಾರಣವೆಂದು ಎಲ್ಲರೂ ಒಪ್ಪುವುದಿಲ್ಲ. ಒರಟಾಗಿ ಉಜ್ಜುವುದೂ, ಹುಳಿಯ ಪದಾರ್ಥಗಳೂ ಜೊತೆಗೂಡುತ್ತವೆ. ಕಚ್ಚುಗಳನ್ನು ಹಲ್ಲಿನ ಬಣ್ಣದ ಗಾರೆಯಿಂದ ತುಂಬಿ, ಮೃದುವಾದ ಬ್ರಷ್ಷನ್ನೂ ರಾತ್ರಿ ತೊಡಲು ಒಂದು ಕವಚವನ್ನೂ ಕೊಟ್ಟರು.

“ಈ ಕಲೆ?” ಎಂದು ಅತ್ತೆ ಮೆಲ್ಲನೆ ಕೇಳಿದರು.

“ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಎನಾಮೆಲ್ಲಿನೊಳಗೇ ಇದೆ. ಎಷ್ಟು ತಿಕ್ಕಿದರೂ ಹೋಗದು.”

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. “ಇದನ್ನು ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಯಾರಾದರೂ ಹೇಳಬಾರದಿತ್ತೆ?” ಎಂದರು.

ನೀರು ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಈಗ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಅವು ಕೆಟ್ಟು ನಿಂತರೆ ಮತ್ತೆ ಕೊಳವೆಬಾವಿಯೇ ಗತಿ. ಎಂಟು ವರ್ಷದೊಳಗಿನ ಮಕ್ಕಳಿಗಾದರೂ ಕುಡಿಯಲು, ಅಡಿಗೆಗೆ ಒಳ್ಳೆಯ ನೀರು ಸಿಕ್ಕಬೇಕು.

ಊರಿನಲ್ಲಿರುವ ನಮ್ಮಣ್ಣನ ಮಗಳಿಗೆ ಈಗ ಐದು ವರ್ಷ. ಅತ್ತೆ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಕ್ಷೇಮಸಮಾಚಾರಕ್ಕೂ ಮುಂಚೆ ಅವರು ಕೇಳುವುದೊಂದೇ: “ಮಗುವಿಗೆ ಯಾವ ನೀರು ಕೊಡುತ್ತಿದ್ದೀರಿ?”