ಕೊನೆಯ ಬೋರು

ಬೂದಿಕೋಟೆ ಕಡೆ ‘ಬೋರು’ ಅಂದರೆ ಮೊದಲು ನೆನಪಾಗುವುದು ಕೊಳವೆಬಾವಿ. ಸಾವಿರ ಅಡಿ ದಾಟಿದರೂ ನೀರು ಬಾರದ ಬೋರುಗಳ ಕಥೆ ಕೋಲಾರ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ನಾನು ಹೇಳಹೊರಟಿರುವ ಬೋರು ಬಹಳ ಸಣ್ಣದು. ಹೊಸದಾಗಿದ್ದಾಗ ಅದರ ಅಗಲ 65 ಮಿಲಿಮೀಟರ್. ಅದು ನನ್ನ ಹಳೆಯ ಯೆಜ್ಡಿ ಬೈಕಿನ ಸಿಲಿಂಡರ್.

ಟ್ರಯಲ್ಸ್ ಎಂಬ ಬೈಕಾಟದಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಕೊರಕಲುಗಳ ಮೇಲೆ ಕಾಲು ಊರದೆ ಸಾಗಬೇಕು. ಒಮ್ಮೆ ಕಾಲೂರಿದರೆ 1 ಅಂಕ ದಂಡ, ಬಿದ್ದರೆ 5. 1965ರಲ್ಲಿ ಸ್ಯಾಮಿ ಮಿಲ್ಲರ್ ಸ್ಪೇನಿನ ಬುಲ್ಟಾಕೋ ಬೈಕಿನಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ ಗೆದ್ದ ಮೇಲೆ ಈ ಆಟ ಹಗುರವಾದ ಟೂ ಸ್ಟ್ರೋಕ್ ಬೈಕುಗಳ ಪಾಲಾಯಿತು. ಅಂಥ ಬೈಕು ನನ್ನ ಕೈಗೆ ಎಟುಕುವ ಮಾತಲ್ಲ. ನಮ್ಮಲ್ಲಿ ಇದ್ದ ಟೂ ಸ್ಟ್ರೋಕ್ ಮೈಸೂರಿನದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1970ರ ದಶಕದಿಂದ ಯೆಜ್ಡಿ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು.

ನನ್ನ ಯೆಜ್ಡಿಗೆ ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿಸಿದ್ದೇನೆ, ಹ್ಯಾಂಡಲ್ ಎತ್ತರಿಸಿದ್ದೇನೆ, ಬೇಡದ ತಗಡನ್ನೆಲ್ಲ ಕಳಚಿದ್ದೇನೆ. ಆದರೂ ಈಗಿನ ಟ್ರಯಲ್ಸ್ ಬೈಕಿನ ಹತ್ತಿರ ಹತ್ತಿರ ಎರಡರಷ್ಟು ತೂಗುತ್ತದೆ. ಊರಾಚೆಯ ಬಂಡೆಗಳನ್ನು ಮಾತ್ರ ಹಟದಿಂದ ಹತ್ತುತ್ತದೆ.

ಇದರ ಆರೈಕೆಗೆ ಮನೆಯ ಜಗಲಿಯೇ ಸಾಕು. ಪಾಯಿಂಟಿನ ಸಂದು 0.4 ಮಿಲಿಮೀಟರ್ ಇದೆಯೇ ಎಂದು ಫೀಲರ್ ಗೇಜಿನಲ್ಲಿ ನೋಡುವುದು, ಪ್ಲಗ್ಗಿನ ಬಣ್ಣ ಓದುವುದು, ಸೈಲೆನ್ಸರಿನೊಳಗಿನ ಬ್ಯಾಫಲ್ ಎಳೆದು ಮಸಿ ಕೆರೆಯುವುದು. ಚೈನ್ ಕೇಸ್ ತೆಗೆದುಹಾಕಿರುವುದರಿಂದ ವಾರಕ್ಕೊಮ್ಮೆ ಚೈನನ್ನು ಡೀಸೆಲ್‌ನಲ್ಲಿ ತೊಳೆದು ಎಣ್ಣೆ ಕಾಣಿಸಬೇಕು. ಪೆಟ್ರೋಲಿಗೆ ಲೀಟರಿಗೆ 40 ಮಿಲಿ ಆಯಿಲ್ ಅಳೆದು ಬೆರೆಸಬೇಕು. ಪಿಸ್ಟನ್ನಿಗೆ ಸಿಗುವುದು ಪೆಟ್ರೋಲಿನ ಜೊತೆ ಬರುವ ಆ ಎಣ್ಣೆ ಮಾತ್ರ.

ಎಷ್ಟು ಆರೈಕೆ ಮಾಡಿದರೂ ಸಿಲಿಂಡರ್ ಸವೆಯುತ್ತದೆ. ಗಾಳಿಯಿಂದ ತಣ್ಣಗಾಗುವ ಎಂಜಿನ್ ಇದು. ಬಂಡೆಯ ಮೇಲೆ ನಡಿಗೆಯ ವೇಗದಲ್ಲಿ ಹೋಗುವಾಗ ಗಾಳಿ ಎಲ್ಲಿಂದ ಬರಬೇಕು? ಫಿಲ್ಟರಿನಿಂದ ನುಸುಳಿದ ಕಲ್ಲುಪುಡಿ ರಿಂಗುಗಳ ನಡುವೆ ಸೇರಿ ಅರದಂತೆ ಉಜ್ಜುತ್ತದೆ. ದುಂಡಗಿದ್ದ ಸಿಲಿಂಡರ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಕಿಕ್ಕರ್ ಹಗುರಾಗುತ್ತದೆ, ಎಂಜಿನ್ ಟಕಟಕ ಅನ್ನತೊಡಗುತ್ತದೆ. ಆಗ ಲೇತಿಗೆ ಒಯ್ದು ಬೋರ್ ಮಾಡಿಸಿ, ಒಂದು ಅಳತೆ ದೊಡ್ಡದಾದ ಪಿಸ್ಟನ್ ಹಾಕಿಸಬೇಕು. ಹೀಗೆ ತೆಗೆದ ಲೋಹ ಮತ್ತೆ ಬರುವುದಿಲ್ಲ. ಬೋರ್ ಮಾಡಿಸುವುದನ್ನು ರಿಪೇರಿ ಅನ್ನುತ್ತೇವೆ, ನಿಜಕ್ಕೂ ಅದು ಉಳಿದಿರುವುದರಲ್ಲೇ ಇನ್ನಷ್ಟು ಖರ್ಚು ಮಾಡುವುದು.

ನನಗೆ ಬೋರ್ ಮಾಡಿಕೊಡುವವರು ಕೆಜಿಎಫ್‌ನಲ್ಲಿದ್ದಾರೆ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ತಾತನ ಲೇತು ಮಾತ್ರ ಇನ್ನೂ ತಿರುಗುತ್ತಿದೆ. ಕಳೆದ ಸಲ ಗೇಜ್ ಇಳಿಬಿಟ್ಟು, ಮುಳ್ಳು ನೋಡಿ ಹೇಳಿದರು: “ನೋಡಪ್ಪಾ, ಇದೇ ಕೊನೇ ಬೋರು. ಇದರ ಮೇಲೆ ಪಿಸ್ಟನ್ ಸಿಗಲ್ಲ. ಆಮೇಲೆ ಸ್ಲೀವ್ ಹಾಕಬೇಕು.”

“ಸ್ಲೀವ್ ನೀವೇ ಹಾಕಿಕೊಡ್ತೀರಲ್ಲ ತಾತ?”

“ಕಣ್ಣು ಇದ್ದರೆ ಹಾಕ್ತೀನಿ” ಅಂದು ನಕ್ಕರು.

ಅಂದಿನಿಂದ ಬಲ್ಲವರೆಲ್ಲ ಕೊಡುವ ಸಲಹೆ ಒಂದೇ: ಬಂಡೆ ಹತ್ತಿಸುವುದು ಬಿಡು, ಒರೆಸಿ ಒಳಗೆ ನಿಲ್ಲಿಸು. ಒಳ್ಳೆಯ ಮಾತೇ. ಆದರೆ ನಿಲ್ಲಿಸಿದ ಎಂಜಿನ್ ಸುಮ್ಮನೆ ಇರುವುದಿಲ್ಲ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತದೆ, ಆಯಿಲ್ ಸೀಲು ಗಡುಸಾಗುತ್ತದೆ, ರಿಂಗಿಗೆ ತುಕ್ಕು ಹಿಡಿಯುತ್ತದೆ. ಓಡಿಸಿದರೆ ಸವೆತ, ನಿಲ್ಲಿಸಿದರೆ ತುಕ್ಕು. ಹಾಗಾಗಿ ಓಡಿಸುವುದನ್ನು ಬಿಟ್ಟಿಲ್ಲ, ಓಡಿಸುವ ರೀತಿ ಬದಲಿಸಿದ್ದೇನೆ. ಪ್ರತಿ ಸವಾರಿಯ ನಂತರ ಫಿಲ್ಟರ್ ಬಿಚ್ಚುತ್ತೇನೆ. ಎರಡು ಬಂಡೆ ಹತ್ತಿಸಿದ ಮೇಲೆ ಎಂಜಿನ್ ಆರಲು ಬಿಟ್ಟು ಹುಣಸೆಮರದ ಕೆಳಗೆ ಕೂರುತ್ತೇನೆ.

ಸ್ಪ್ಯಾನರ್ ಹಿಡಿಯದ ಇನ್ನೊಂದು ಕೆಲಸವೂ ಈಗ ಆರೈಕೆಯ ಪಟ್ಟಿಗೆ ಸೇರಿದೆ. ತಿಂಗಳಿಗೊಮ್ಮೆ ತಾತನ ಲೇತಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಗೇಜನ್ನು ಮೇಲೆ, ನಡುವೆ, ಕೆಳಗೆ, ಆಮೇಲೆ ಅಡ್ಡಡ್ಡ ತಿರುಗಿಸಿ ಅಳೆಯುವುದನ್ನು ಕಲಿಸುತ್ತಿದ್ದಾರೆ. ಸಿಲಿಂಡರಿಗೆ ಸ್ಲೀವ್ ಹಾಕಬಹುದು. ಅವರ ಕೈಗೆ ಬದಲಿ ಭಾಗ ಇಲ್ಲ. ಮೊನ್ನೆ ನಾನು ಓದಿದ ಅಳತೆಗೂ ಅವರ ಅಳತೆಗೂ ಒಂದೇ ಗೆರೆ ವ್ಯತ್ಯಾಸ ಬಂತು. “ಇನ್ನೊಂದು ಸಲ ಅಳಿ” ಅಂದರು.